ಮೀಟಿದ ನಾದ ಕರಗಲು ಬಿಡಿ

ತುರುವೇಕೆರೆಯ ಓದುಗರೊಬ್ಬರು ಆಕಾಶವಾಣಿಯ ‘ರಾಗಂ’ ವಾಹಿನಿಯ ಇಂಟರ್ನೆಟ್ ಸ್ಟ್ರೀಮಿನಿಂದ ಹಿಡಿದ ವೀಣಾವಾದನ ಕಳಿಸಿದ್ದಾರೆ. ಅರ್ಧದಿಂದಾಚೆಗೆ ವೀಣೆ ಪಾತಾಳಕ್ಕಿಳಿದಿದೆ. ಮನೆಯವರು ಮಲಗಿದರೆಂದು ಪ್ಲೇಯರಿನ ವಾಲ್ಯೂಮ್ ತಗ್ಗಿಸಿದರಂತೆ.

ಇದು ರೇಡಿಯೋ, ಕ್ಯಾಸೆಟ್ ಎರಡೂ ಇದ್ದ ಟೂ-ಇನ್-ಒನ್ ಕಲಿಸಿದ ಅಭ್ಯಾಸ. ಆ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟಿನ ದಾರಿ ಬೇರೆ, ಸ್ಪೀಕರಿನ ದಾರಿ ಬೇರೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ರೆಕಾರ್ಡಿಂಗಿಗೆ ಏನೂ ಆಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಆಡಾಸಿಟಿ ತಂತ್ರಾಂಶದ ಲೂಪ್‌ಬ್ಯಾಕ್‌ನಿಂದ, ಅಂದರೆ ಸ್ಪೀಕರಿಗೆ ಹೋಗುವ ಸದ್ದನ್ನೇ ಒಳಗಿಂದ ಹಿಡಿಯುವಾಗ ಪ್ಲೇಯರ್ ಎಷ್ಟು ಹೊರಬಿಡುತ್ತದೋ ಅಷ್ಟೇ ದಾಖಲು. 16 ಬಿಟ್ ಕಡತದಲ್ಲಿ 6 ಡೆಸಿಬೆಲ್ ಇಳಿಸಿದಿರೋ, ಒಂದು ಬಿಟ್ ಹೋಯಿತು. ವಿಎಲ್‌ಸಿ ಪ್ಲೇಯರಿನ ವಾಲ್ಯೂಮನ್ನು 100 ದಾಟಿಸಿ 125ಕ್ಕೆ ಒಯ್ದರೆ ಇನ್ನೂ ಕೆಡುಕು: ಮೃದಂಗದ ಗಟ್ಟಿ ಪೆಟ್ಟುಗಳ ತುದಿಯೇ ಕತ್ತರಿಸಿಹೋಗುತ್ತದೆ. ತಗ್ಗಿದ್ದನ್ನು ಆಮೇಲೆ ಎತ್ತಿಕೊಳ್ಳಬಹುದು, ಕತ್ತರಿಸಿದ್ದು ಮರಳಿ ಬಾರದು.

ವಾಲ್ಯೂಮಿನ ಹಂಗೇ ಇಲ್ಲದ ದಾರಿಯೂ ಇದೆ: ವಿಎಲ್‌ಸಿಯ ‘ವ್ಯೂ’ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಕಂಟ್ರೋಲ್ಸ್’ ಆರಿಸಿ ಕೆಂಪು ಗುಂಡಿ ಒತ್ತಿ. ಸ್ಟ್ರೀಮ್ ಬಂದದ್ದು ಬಂದ ಹಾಗೇ ಕಡತವಾಗುತ್ತದೆ. ಸದ್ದು ಪೂರ್ತಿ ಅಡಗಿಸಿ ನೀವೂ ಮಲಗಬಹುದು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯನ್ನು ಉಂಡೆ ಕೊಬ್ಬರಿಯಾಗುವವರೆಗೆ ನಾವು ಒಡೆದು ನೋಡುತ್ತೇವೆಯೇ? ಸ್ಟ್ರೀಮಿಗೂ ಹಾಗೇ ಕೈ ಹಚ್ಚಬಾರದು.

ತಿಪಟೂರಿನ ಗೆಳೆಯರು ಒಪ್ಪುವುದಿಲ್ಲ. ಆಟೋಮ್ಯಾಟಿಕ್ ಗೇನ್ ಹಾಕಿ, ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ ಅನ್ನುತ್ತಾರೆ. ಒಂದೇ ಮಟ್ಟ ಯಾರಿಗೆ ಬೇಕು? ಟೂ-ಇನ್-ಒನ್‌ಗಳಲ್ಲಿ ಇದ್ದದ್ದೂ ಇದೇ ರೋಗ. ಗಾಯಕ ಉಸಿರು ತೆಗೆದುಕೊಂಡರೆ ಸಾಕು, ಯಂತ್ರ ಸದ್ದು ಕಡಿಮೆಯಾಯಿತೆಂದು ಹಿಗ್ಗಿಸುತ್ತಿತ್ತು. ತಂಬೂರಿ ಉಬ್ಬಿ ಬರುತ್ತಿತ್ತು. ವೀಣೆಗಂತೂ ಇದು ದೊಡ್ಡ ಅನ್ಯಾಯ. ಆಕಾಶವಾಣಿ ಬೆಂಗಳೂರಿನಲ್ಲೇ ದುಡಿದ ವೈಣಿಕ ದೊರೆಸ್ವಾಮಿ ಅಯ್ಯಂಗಾರರ ನುಡಿಸಾಣಿಕೆಯಲ್ಲಿ ಒಂದು ಮೀಟಿನ ನಾದ ಗಮಕದೊಳಗೆ ಕರಗುತ್ತ ಹೋಗುವುದೇ ಜೀವಾಳ. ಕರಗುವಾಗ ಯಂತ್ರ ಅದನ್ನು ಎತ್ತಿ ನಿಲ್ಲಿಸಿದರೆ ತಂತಿಯೂ ಉಳಿಯುವುದಿಲ್ಲ, ಬೆರಳೂ ಉಳಿಯುವುದಿಲ್ಲ.

ರಾತ್ರಿ ತ್ರೀಫೇಸ್ ಕರೆಂಟ್ ಬಂದು ತೋಟದ ಮೋಟಾರುಗಳು ಶುರುವಾದರೆ ರೇಡಿಯೋದಲ್ಲಿ ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಜ್ ತುಂಬ ಚಟಪಟ. ಅದನ್ನು ತಪ್ಪಿಸಿಕೊಳ್ಳಲೆಂದೇ ನಾವು ಸ್ಟ್ರೀಮಿಗೆ ಬಂದವರು. 2016ರ ಜನವರಿ 26ರಿಂದ ಹಗಲೂ ರಾತ್ರಿ ಶಾಸ್ತ್ರೀಯ ಸಂಗೀತವನ್ನೇ ಕೊಡುತ್ತಿರುವ ‘ರಾಗಂ’ ವಾಹಿನಿ ಕೈಲಿದ್ದೂ ನಾವೇ ಅದನ್ನು ಕೆಡಿಸಿ ಇಡುವುದೇಕೆ?

ಆಟೋಮ್ಯಾಟಿಕ್ ಇಲ್ಲದ ಡೆಕ್ಕಿನಲ್ಲಿ, ಮಟ್ಟ ತೋರುವ ಮುಳ್ಳು ನೋಡುತ್ತ ಕೈಯಾರೆ ಹಿಡಿದ ಅಯ್ಯಂಗಾರರ ಪ್ರಸಾರದ ಕ್ಯಾಸೆಟ್ ಚಿಕ್ಕನಾಯಕನಹಳ್ಳಿ ಕಡೆ ಯಾರಲ್ಲಾದರೂ ಇದ್ದರೆ ಪತ್ರಿಕೆಗೆ ತಿಳಿಸಿ. ಶಿಲೀಂಧ್ರ ಹಿಡಿದಿದ್ದರೆ ದಯವಿಟ್ಟು ಹಾಕಿ ನೋಡಬೇಡಿ, ಹಾಗೇ ಇಟ್ಟಿರಿ.