ಹೆಣ ಕಂಡಿತು, ಚಿತ್ರ ಉಳಿಯಲಿಲ್ಲ

ಬೀಳಗಿ ತಾಲ್ಲೂಕಿನ ಬಾಡಗಂಡಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ಅಲ್ಲಿಗೆ ಸೇರಿದವರು ಮೊದಲ ವರ್ಷವೇ ಹೆಣದ ಮೇಜಿನ ಮುಂದೆ ನಿಲ್ಲಬೇಕು. ಹಾಗೆ ನಿಂತು ಸ್ವಂತ ಕೈಯಿಂದ ಕಲಿಯಬೇಕೆಂದು ಹಟ ಹಿಡಿದವನು ಯುರೋಪಿನ ಶಾರೀರತಜ್ಞ ಆಂಡ್ರಿಯಾಸ್ ವೆಸಾಲಿಯಸ್. 1543ರಲ್ಲಿ ಬಾಸೆಲ್‌ನ ಒಪೊರಿನಸ್ ಅಚ್ಚು ಹಾಕಿದ ಅವನ ಸಚಿತ್ರ ಅಂಗರಚನಾ ಗ್ರಂಥ ‘ಫ್ಯಾಬ್ರಿಕಾ’ ಈಗ ದುರ್ಲಭ ಪುಸ್ತಕ. ಅದನ್ನು ಪಕ್ಕಕ್ಕಿಟ್ಟುಕೊಂಡು ನಮ್ಮ ಶಾರೀರ ಪರಂಪರೆಯನ್ನು ಅಳೆಯಹೊರಟರೆ ಎರಡು ಕಡೆಯಿಂದಲೂ ಗದ್ದಲ. ಸುಶ್ರುತನಲ್ಲೇ ಎಲ್ಲ ಇತ್ತು ಎನ್ನುವವರು ಒಂದೆಡೆ. ನಮ್ಮವರು ಹೆಣ ಮುಟ್ಟಲೇ ಇಲ್ಲ ಎನ್ನುವವರು ಇನ್ನೊಂದೆಡೆ.

ಮುಟ್ಟಿದ್ದರು. ಅಂಗ ಊನವಾಗದ, ವಿಷದಿಂದ ಸಾಯದ, ದೀರ್ಘ ರೋಗದಿಂದ ಸೊರಗದ ದೇಹವನ್ನು ಆರಿಸಿ, ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಯಲು ಬಿಡಬೇಕು. ಆಮೇಲೆ ಲಾವಂಚದ ಬೇರಿನಂಥ ಕುಂಚದಿಂದ ಮೆಲ್ಲಗೆ ತಿಕ್ಕುತ್ತ ಚರ್ಮದಿಂದ ಒಳಕ್ಕೆ ಒಂದೊಂದೇ ಪದರ ನೋಡಬೇಕು. ಇದು ಸುಶ್ರುತಸಂಹಿತೆಯ ಶಾರೀರಸ್ಥಾನ ಹೇಳುವ ಕ್ರಮ. ಆ ಪರಂಪರೆಯ ಬಲವೂ ಮಿತಿಯೂ ಇಲ್ಲೇ ಇದೆ ಎಂದು ನನಗನಿಸುತ್ತದೆ. ನೀರು ಮೆತ್ತನೆಯದನ್ನು ಕರಗಿಸಿ ಗಟ್ಟಿಯದನ್ನು ಉಳಿಸುತ್ತದೆ. ಆದ್ದರಿಂದಲೇ ಮೂಳೆ, ಕೀಲು, 107 ಮರ್ಮಗಳ ವಿಷಯದಲ್ಲಿ ಅಷ್ಟು ವಿವರ. ಮಿದುಳಿನ ಒಳರಚನೆಯ ಬಗ್ಗೆ ಮೌನ. ಸುಶ್ರುತನ ಲೆಕ್ಕಕ್ಕೆ ಮೂಳೆ 300, ಚರಕನಿಗೆ 360. ಹಲ್ಲು, ಮೆಲ್ಲೆಲುಬುಗಳೂ ಆ ಎಣಿಕೆಯಲ್ಲಿವೆ ಅನ್ನುವುದು ಸರಿ. ಆದರೆ ಎರಡು ಸಂಖ್ಯೆಗಳೂ ಶತಮಾನಗಟ್ಟಲೆ ಅಕ್ಕಪಕ್ಕದಲ್ಲೇ ಬಾಳಿದವು. ಪರಂಪರೆ ಹೆಣವನ್ನೇ ಕೇಳಿ ಜಗಳ ತೀರಿಸಿಕೊಳ್ಳಲಿಲ್ಲ.

ಕನ್ನಡದ ವೈದ್ಯಗ್ರಂಥಗಳು ಬೇರೆ ದಾರಿ ಹಿಡಿದವು. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದ ಗಮನ ಚಿಕಿತ್ಸೆಯ ಮೇಲೆ, ಮಂಗರಾಜನ ‘ಖಗೇಂದ್ರಮಣಿದರ್ಪಣ’ದ ಗಮನ ವಿಷದ ಮೇಲೆ. ಒಡೆದ ದೇಹವನ್ನು ದಿಟ್ಟಿಸಿ ನೋಡಿದವನು ವೈದ್ಯನಲ್ಲ, ಕವಿ. ಬೀಳಗಿಯ ಸೀಮೆಯದೇ ಆದ ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆಯೇ ನಡೆಸುತ್ತಾನೆ.

ಹಾಗಾದರೆ ವೆಸಾಲಿಯಸ್ ಹೆಚ್ಚಿಗೆ ಮಾಡಿದ್ದೇನು? ಕತ್ತಿಗಿಂತ ಮರದಚ್ಚು ದೊಡ್ಡದು ಅನ್ನುತ್ತೇನೆ. ಕೈಯಿಂದ ನಕಲು ಮಾಡಿದಷ್ಟೂ ಚಿತ್ರ ಕೆಡುತ್ತದೆ. ಅಚ್ಚಿನ ಚಿತ್ರ ಊರೂರಿಗೆ ಒಂದೇ ತೆರನಾಗಿ ಹೋಗುತ್ತದೆ, ಅದರ ತಪ್ಪೂ ಹಾಗೆಯೇ. ಆಗ ತಿದ್ದುವುದು ಸುಲಭ. ಮನುಷ್ಯನ ಕೆಳದವಡೆ ಎರಡು ಮೂಳೆ ಎಂದ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನನ್ನು ವೆಸಾಲಿಯಸ್ ತಿದ್ದಿದ. ಹೃದಯದ ನಡುಗೋಡೆಯಲ್ಲಿ ರಂಧ್ರವಿದೆಯೆಂಬ ಹಳೆಯ ಮಾತಿಗೆ ಮೊದಲು ಅಳುಕುತ್ತಲೇ ತಲೆಯಾಡಿಸಿದ್ದವನು 1555ರ ಎರಡನೇ ಆವೃತ್ತಿಯಲ್ಲಿ ಅದನ್ನು ಒಪ್ಪಲಿಲ್ಲ. ಮನುಷ್ಯನ ಮೂತ್ರಪಿಂಡದ ಜಾಗದಲ್ಲಿ ನಾಯಿಯದನ್ನು ಬರೆಸಿದವನೂ ಅವನೇ, ಅನ್ನಿ.

ಅವನ ಹೆಣಗಳು ಬಂದದ್ದು ಗಲ್ಲುಗಂಬದಿಂದ, ಕದ್ದು ಅಗೆದ ಗೋರಿಗಳಿಂದ. ಆ ಕಳಂಕ ಫ್ಯಾಬ್ರಿಕಾದ ಅಂದದ ಚಿತ್ರಗಳಿಗೆ ಅಂಟಿಯೇ ಇದೆ. ಇದಕ್ಕೆ ಪ್ರತಿಯಾಗಿ, 2010ರ ನವೆಂಬರಿನಲ್ಲಿ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನು, ತಂದೆಯದೇ ಇಚ್ಛೆಯಂತೆ, ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಿದರು. ಸುಶ್ರುತನ ಶಾಲೆಯವರೇ ಹೆಣದ ಬಳಿಗೆ ಮರಳಿದ್ದು ಒಂದು ಮಾತು. ಒಪ್ಪಿಗೆಯಿಂದ ಮರಳಿದ್ದು ವೆಸಾಲಿಯಸ್‌ಗೂ ದಕ್ಕದ ಮಾತು.

ಕನ್ನಡಕ್ಕೆ ಅಂಥ ಚಿತ್ರ ಒದಗಿಸುವ ಸಾಲ ಮಾತ್ರ ತೀರಿಲ್ಲ. 19ನೇ ಶತಮಾನದಲ್ಲೇ ಶ್ರೀಲಂಕೆಯ ಜಾಫ್ನಾದಲ್ಲಿ ಅಮೆರಿಕನ್ ಮಿಷನರಿ ವೈದ್ಯ ಸ್ಯಾಮ್ಯುಯೆಲ್ ಗ್ರೀನ್ ತಮಿಳಿನಲ್ಲಿ ವೈದ್ಯ ಕಲಿಸಿ, ಅಂಗರಚನೆಯ ಪುಸ್ತಕವನ್ನೂ ಆ ಭಾಷೆಗೆ ತಂದ. ನಮ್ಮ ಕಾಲೇಜುಗಳಲ್ಲಿ ಮೇಜಿನ ಮೇಲಿನ ದೇಹ ಕನ್ನಡದ್ದು, ಪಕ್ಕದ ಪುಸ್ತಕ ಇಂಗ್ಲಿಷಿನದು. ಫ್ಯಾಬ್ರಿಕಾದ ಚಿತ್ರಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಬೇಕಿರುವುದು ಕನ್ನಡದ ಅಡಿಬರಹ ಬರೆಯಬಲ್ಲ ಒಬ್ಬ ಶಾರೀರ ಅಧ್ಯಾಪಕ, ಖರ್ಚು ಹೊರುವ ಒಂದು ಪ್ರಸಾರಾಂಗ.