ಪರಿಷ್ಕರಣೆ ಮತ್ತು ಪಾಠಾಂತರ: ಚಿತ್ರದುರ್ಗ ಸೀಮೆಯ ಐತಿಹ್ಯಗಳು ಜಾಲತಾಣದಲ್ಲಿ

ಜಾಲತಾಣವೊಂದರ ಒಂದು ಸಾಲನ್ನು ತಿದ್ದಬೇಕಾದರೂ ಅದನ್ನು ಕಟ್ಟಿಕೊಟ್ಟ ತಂತ್ರಜ್ಞನಿಗಾಗಿ ಕಾಯಬೇಕಾಗಿದ್ದ ಕಾಲವೊಂದಿತ್ತು. ಪುಟದ ಮಾತು, ಬಣ್ಣ, ಅಕ್ಷರದ ಗಾತ್ರ, ಕೊಂಡಿಗಳೆಲ್ಲವೂ ಎಚ್‌ಟಿಎಂಎಲ್ ಕಡತದೊಳಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು. 2001ರಲ್ಲಿ ಬಂದ ದ್ರುಪಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ ಮೊದಲಾದ ವಿಷಯ ನಿರ್ವಹಣಾ ವ್ಯವಸ್ಥೆಗಳು ಈ ಹೆಣಿಗೆಯನ್ನು ಬಿಡಿಸಿದವು. ಬರಹವು ದತ್ತಸಂಚಯದಲ್ಲಿ ಬೇರೆಯಾಗಿ ಉಳಿಯಿತು. ರೂಪವು ಸಿದ್ಧ ಅಚ್ಚಿಗೆ ಸೇರಿತು. ತಾಣದ ಒಡೆಯನು ಗುಪ್ತಪದ ನೀಡಿ ಒಳಹೊಕ್ಕು, ಕಾಗದ ಬರೆದಷ್ಟೇ ಸಲೀಸಾಗಿ ತನ್ನ ಪುಟವನ್ನು ತಿದ್ದಬಲ್ಲವನಾದನು. 2005ರಲ್ಲಿ ದ್ರುಪಲ್ ಆಧಾರದ ಮೇಲೆ ಆರಂಭವಾದ ‘ಸಂಪದ’ವು ತಂತ್ರಜ್ಞರಲ್ಲದ ಕನ್ನಡಿಗರಿಗೂ ಈ ಸೌಲಭ್ಯವನ್ನು ತೆರೆದಿಟ್ಟಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ‘ಪರಿಷ್ಕರಣೆ’ ಎಂಬ ಮಾತೇ ವಿವೇಚನೆಯನ್ನು ಬೇಡುತ್ತದೆ. ಮೌಖಿಕ ಪರಂಪರೆಯಲ್ಲಿ ಹೊಸ ಹಾಡಿಕೆಯು ಹಳೆಯದನ್ನು ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ನಿಲ್ಲುತ್ತದೆ. ಜಾಲತಾಣದಲ್ಲಾದರೋ ಹೊಸ ಪಾಠವು ಹಳೆಯದರ ಸ್ಥಾನದಲ್ಲಿಯೇ ಬಂದು ಕೂರುತ್ತದೆ. ಈ ಎರಡು ಕ್ರಮಗಳ ಅಂತರವನ್ನು ಚಿತ್ರದುರ್ಗ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಬಹುದು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಲಾದ ಈ ಜಲಾಶಯದ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದೇ ಕೊನೆಯೆಂದು ಪುಸ್ತಕ, ಪತ್ರಿಕೆ, ಜಾಲತಾಣಗಳೆಲ್ಲ ದಶಕಗಳ ಕಾಲ ಹೇಳುತ್ತಿದ್ದವು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ತರುವಾಯ, ಅದು ಮತ್ತೆ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಇನ್ನೊಮ್ಮೆ. ಹಳೆಯ ವಾಕ್ಯವು ಒಂದೇ ದಿನದಲ್ಲಿ ಸುಳ್ಳಾಯಿತು. ಇಂತಹ ಸಂದರ್ಭಕ್ಕಾಗಿಯೇ ವಿಷಯ ನಿರ್ವಹಣಾ ವ್ಯವಸ್ಥೆ ಇರುವುದು. ಅಂಕಿಯನ್ನು ಅಳಿಸಿ ಬರೆಯಬೇಕು, ಬರೆದರೆ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಜಲಾಶಯಕ್ಕೆ ಜನ ಇಟ್ಟ ಹೆಸರು ಮಾರಿಕಣಿವೆ. ಕಣಿವೆ ಮಾರಮ್ಮನ ಐತಿಹ್ಯಕ್ಕೆ ಪೂರ್ಣಮಟ್ಟವೆಂಬುದಿಲ್ಲ. ಅದನ್ನು ಅಂಕಿಯಂತೆ ‘ಸರಿಪಡಿಸ’ಹೊರಟರೆ ಉಳಿಯುವುದು ಬರಿಯ ಸ್ಥಳನಾಮ.

ಒನಕೆ ಓಬವ್ವನ ಕಥನದಲ್ಲಿ ಈ ಸಮಸ್ಯೆ ಇನ್ನೂ ತೀವ್ರವಾಗಿದೆ. ಹೈದರಾಲಿಯ ಮುತ್ತಿಗೆ, ಊಟಕ್ಕೆ ಹೋದ ಕಾವಲುಗಾರ ಗಂಡ, ಕಿಂಡಿ, ಒನಕೆ, ಇಷ್ಟು ಎಲ್ಲ ಪಾಠಗಳಿಗೂ ಸಮಾನ. ಆಕೆಯ ಸಾವಿನ ಬಗೆ ಮಾತ್ರ ಒಂದೇ ಅಲ್ಲ. ಶತ್ರು ಸೈನಿಕನ ಕೈಯಲ್ಲಿ ಮಡಿದಳೆಂದು ಕೆಲವರು, ಆಘಾತದಿಂದ ಅಸುನೀಗಿದಳೆಂದು ಕೆಲವರು ಹೇಳುತ್ತಾರೆ. ಆಕೆಯ ಸಮುದಾಯದ ಗುರುತು ಕೆಲವು ಪಾಠಗಳಲ್ಲಿ ಕತೆಯ ಜೀವವೇ ಆಗಿದ್ದರೆ, ಇನ್ನು ಕೆಲವದರಲ್ಲಿ ಸುಳಿಯುವುದೇ ಇಲ್ಲ. 1972ರ ‘ನಾಗರಹಾವು’ ಚಲನಚಿತ್ರವು ಇವುಗಳಲ್ಲೊಂದು ರೂಪವನ್ನು ನಾಡಿನ ಕಣ್ಣಿನಲ್ಲಿ ಸ್ಥಿರಗೊಳಿಸಿತು. 2021ರಿಂದ ಸರ್ಕಾರವು ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಿರುವುದರಿಂದ ಐತಿಹ್ಯಕ್ಕೆ ಒಂದು ಜನ್ಮದಿನವೂ ದೊರೆತಿದೆ. ತಾಣದ ಒಡೆಯನ ಒಂದು ಒತ್ತುಗುಂಡಿ ಇವುಗಳ ನಡುವೆ ಆಯ್ಕೆ ಮಾಡಿಬಿಡುತ್ತದೆ. ಹಾಗೆ ಆಯ್ಕೆ ನಡೆದಿದೆಯೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ.

ಹಳೆಯ ಪಾಠವನ್ನು ಉಳಿಸಿಕೊಳ್ಳುವ ಶಕ್ತಿ ಈ ತಂತ್ರಾಂಶಗಳಿಗೆ ಇಲ್ಲವೆಂದಲ್ಲ. ವರ್ಡ್‌ಪ್ರೆಸ್ 2008ರಿಂದಲೇ ಪ್ರತಿ ತಿದ್ದುಪಡಿಯ ಹಿಂದಿನ ರೂಪವನ್ನು ಕಾಯ್ದಿಡುತ್ತಿದೆ. ಆದರೆ ಅದು ಕಾಣುವುದು ಒಳಹೊಕ್ಕು ತಿದ್ದುವ ಅಧಿಕಾರವುಳ್ಳವರಿಗೆ ಮಾತ್ರ. ವಿಕಿಪೀಡಿಯಾವನ್ನು ನಡೆಸುವ ಮೀಡಿಯಾವಿಕಿಯಲ್ಲಿ ಪುಟದ ಇತಿಹಾಸವು ಯಾವ ಓದುಗನಿಗೂ ತೆರೆದಿರುತ್ತದೆ. ಇದು ತಾಂತ್ರಿಕ ಭೇದವಾಗಿ ತೋರಿದರೂ ವಾಸ್ತವದಲ್ಲಿ ಒಡೆತನದ ಭೇದ.

ಜಿಲ್ಲಾ ಜಾಲತಾಣಗಳಲ್ಲಿ ಈ ಒಡೆತನ ಬಹಿರಂಗವಾಗಿಯೇ ಇದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಎಸ್‌ತ್ರೀವಾಸ್ ಚೌಕಟ್ಟು ದೇಶದ ನೂರಾರು ಜಿಲ್ಲೆಗಳಿಗೆ ಒಂದೇ ಬಗೆಯ ತಾಣವನ್ನು ಒದಗಿಸಿದೆ. ಪುಟದ ತಳದಲ್ಲಿ ವಿಷಯದ ಒಡೆತನ ಜಿಲ್ಲಾಡಳಿತದ್ದೆಂಬ ಘೋಷಣೆಯೂ ಕೊನೆಯ ಪರಿಷ್ಕರಣೆಯ ದಿನಾಂಕವೂ ಇರುತ್ತವೆ. ಸುತ್ತೋಲೆ, ಟೆಂಡರು, ದೂರವಾಣಿ ಸಂಖ್ಯೆಗಳಿಗೆ ಈ ಘೋಷಣೆ ಯಥೋಚಿತ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕೊಳದಿಂದ ಗಂಗೆಯ ಬಾಗಿನ ಮೇಲೇಳುತ್ತದೆಂಬ ನಂಬಿಕೆಗೂ, ಹೊಳಲ್ಕೆರೆಯ ಬಯಲು ಗಣಪತಿಯ ಕುರಿತ ಹೇಳಿಕೆಗಳಿಗೂ ಅದೇ ಒಡೆತನ ಅನ್ವಯಿಸುವುದು ಹೇಗೆ? ಆ ಮಾತುಗಳನ್ನು ಪೀಳಿಗೆಗಳಿಂದ ಆಡುತ್ತ ಬಂದವರ ಕೈಯಲ್ಲಿ ಗುಪ್ತಪದವಿಲ್ಲ.

ಅಚ್ಚು ಕೂಡ ತನ್ನದೇ ಆಯ್ಕೆಯನ್ನು ಹೇರುತ್ತದೆ. ಪ್ರವಾಸಿ ತಾಣದ ಪುಟವು ಛಾಯಾಚಿತ್ರವನ್ನೂ, ವಿಮಾನ, ರೈಲು, ರಸ್ತೆಗಳ ಮೂಲಕ ತಲುಪುವ ಬಗೆಯನ್ನೂ ಕೇಳುತ್ತದೆ. ಕೋಟೆ, ಗುಡಿ, ಅಣೆಕಟ್ಟುಗಳು ಈ ಕಿಂಡಿಯಲ್ಲಿ ಸುಲಭವಾಗಿ ತೂರುತ್ತವೆ. ಕಾಡುಗೊಲ್ಲರ ಗಣೆಯ ದನಿಗೂ ಜುಂಜಪ್ಪನ ಕಾವ್ಯಕ್ಕೂ ವಿಮಾನ ನಿಲ್ದಾಣದಿಂದ ಎಷ್ಟು ದೂರವೆಂದು ಬರೆಯಲಾಗದು. ಹೀಗಾಗಿ ಸ್ಥಾವರವಾದುದು ತಾಣದೊಳಗೆ ಸೇರುತ್ತದೆ, ಜಂಗಮವಾದುದು ಹೊರಗುಳಿಯುತ್ತದೆ. ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಅಚ್ಚನ್ನು ರೂಪಿಸುವಾಗ ಜಾನಪದ ವಿದ್ವಾಂಸರನ್ನು ಯಾರೂ ಕೇಳಲಿಲ್ಲ, ವಿದ್ವಾಂಸರೂ ಅತ್ತ ತಲೆಹಾಕಲಿಲ್ಲ.

ಪರಿಹಾರ ತಂತ್ರಾಂಶದೊಳಗೇ ಇದೆ. ದ್ರುಪಲ್‌ನಲ್ಲಿಯೂ ವರ್ಡ್‌ಪ್ರೆಸ್‌ನಲ್ಲಿಯೂ ಪ್ರತಿ ಬಗೆಯ ಬರಹಕ್ಕೆ ಬೇಕಾದ ಅಂಕಣಗಳನ್ನು ತಾಣದ ಒಡೆಯನೇ ಸೇರಿಸಿಕೊಳ್ಳಬಹುದು. ಐತಿಹ್ಯಕ್ಕೆ ವಕ್ತೃವಿನ ಒಪ್ಪಿಗೆ, ಹಟ್ಟಿ ಅಥವಾ ಊರು, ಸಂಗ್ರಹಿಸಿದ ವರ್ಷ, ಹಾಡಿದ ಸಂದರ್ಭ ಎಂಬ ನಾಲ್ಕು ಅಂಕಣಗಳನ್ನಿಟ್ಟು, ಹೊಸ ಪಾಠವು ಹಳೆಯ ಪುಟವನ್ನು ತಿದ್ದದೆ ಹೊಸ ನಮೂದಾಗಿಯೇ ಸೇರುವಂತೆ ಮಾಡಿದರೆ, ಓಬವ್ವನ ಎರಡು ಸಾವುಗಳೂ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದಲ್ಲಿ ಈ ನಾಲ್ಕು ಅಂಕಣಗಳು ಬಹುಕಾಲದಿಂದ ಇವೆ; ಜಿಲ್ಲೆಯ ಜಾಲತಾಣದಲ್ಲಿ ಅವುಗಳನ್ನು ತೆರೆಯಲು ಬೇಕಾದದ್ದು ಅಧಿಕಾರಿಯೊಬ್ಬರ ಅನುಮತಿ ಮತ್ತು ಒಂದು ಮಧ್ಯಾಹ್ನದ ಕೆಲಸ.