ನೀರು ಬೆರೆಸುವ ವಿದ್ಯೆ

ನಮ್ಮಲ್ಲಿ ನೀರು ಬೆರೆಸುವುದೆಂದರೆ ಮೋಸ. ಹಾಲಿನವನ ಮೇಲೆ ಹೊರಿಸುವ ಆ ಆಪಾದನೆಯನ್ನೇ ನಾವು ಸಾಹಿತ್ಯದ ಮೇಲೂ ಹೊರಿಸುತ್ತೇವೆ. ಸತ್ವವಿಲ್ಲದ ಬರಹವನ್ನು 'ಬರೀ ನೀರು' ಎನ್ನುತ್ತೇವೆ. ಈ ಅಭ್ಯಾಸದಿಂದಲೇ ಇರಬೇಕು, ಚಿತ್ರಗಳ ಬಗ್ಗೆ ಬರೆಯುವಾಗಲೂ ನಾನು ಗಾಢವಾದದ್ದನ್ನು ಹೊಗಳುತ್ತ, ತೆಳುವಾದದ್ದನ್ನು ಅನುಮಾನಿಸುತ್ತ ಬಂದೆ. ಅದು ತಪ್ಪೆಂದು ನನಗೆ ಗೊತ್ತಾದದ್ದು ಒಂದು ಕಟ್ಟು ಗಂಜೀಫ ಎಲೆಗಳಿಂದ.

ಕೆಲವು ವರ್ಷಗಳ ಹಿಂದೆ ಒಬ್ಬ ತರುಣ ಕಲಾವಿದ ತಾನು ಬರೆದ ದಶಾವತಾರ ಗಂಜೀಫವನ್ನು ಪ್ರದರ್ಶನಕ್ಕಿಟ್ಟಿದ್ದ. 10 ಅವತಾರಗಳಿಗೆ ತಲಾ 12ರಂತೆ 120 ದುಂಡು ಎಲೆಗಳು. ಪ್ರತಿ ಪಂಗಡಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದವು ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ನನಗೆ ಬಹಳ ಹಿಡಿಸಿತು. ಬಣ್ಣಗಳು ಮುಟ್ಟಿದರೆ ಬೆರಳಿಗೆ ತಾಗುವಷ್ಟು ಮೈತುಂಬಿವೆ ಎಂದು ಮೆಚ್ಚಿ ಬರೆದೆ. ಒಂದು ಕಟ್ಟನ್ನು ಕೊಂಡೂ ತಂದೆ.

ಲೇಖನ ಅಚ್ಚಾದ ವಾರದಲ್ಲಿ ಪರಿಚಯದ ಹಿರಿಯ ಚಿತ್ರಗಾರರೊಬ್ಬರು ಮನೆಗೆ ಬಂದರು. ಕಾಫಿ ಮುಗಿಸಿ, "ಮೇಷ್ಟ್ರೇ, ಬರೆದಿದ್ದೀರಿ, ಸರಿ. ಆ ಎಲೆಗಳನ್ನ ಒಂದು ಸಲವಾದರೂ ಕಲೆಸಿ ನೋಡಿದಿರಾ?" ಎಂದರು. ನೋಡಿರಲಿಲ್ಲ. ಅವರೇ ಕಟ್ಟು ಬಿಚ್ಚಿ ಕಲೆಸಿ, ನಾಲ್ಕು ಜನಕ್ಕೆ ಹಂಚುವಂತೆ ಮೇಜಿನ ಮೇಲೆ ಹಾಕಿದರು. ಬಿಳಿಯ ಮೇಜುಬಟ್ಟೆಯ ಮೇಲೆ ಕುಂಕುಮ ಉದುರಿದಂತೆ ಕೆಂಪು ಬಣ್ಣದ ಚೂರುಗಳು ಬಿದ್ದವು. ನರಸಿಂಹನ ಕಿರೀಟದಲ್ಲಿ ಬಿರುಕು ಬಿಟ್ಟಿತ್ತು.

ಆ ಮಧ್ಯಾಹ್ನ ಅವರು ನನಗೆ ಕಲಿಸಿದ್ದು ನಾನು ಓದಿದ ಯಾವ ಕಲಾಚರಿತ್ರೆಯಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಣ್ಣದ ಪುಡಿಯನ್ನು ಕಾಗದಕ್ಕೆ ಅಂಟಿಸುವುದು ಗೋಂದು. ನೀರು ಅದನ್ನು ಹೊತ್ತು ತಂದು ಆರಿಹೋಗುವ ಆಳು. ಗೋಂದು ಹೆಚ್ಚಾದರೆ ಬಣ್ಣ ಹೊಳೆಯುತ್ತದೆ, ಆರಿದ ಮೇಲೆ ಬಿರಿಯುತ್ತದೆ. ಬರೀ ನೀರು ಹೆಚ್ಚಾದರೆ ಗೋಂದು ಸಾಲದೆ ಬಣ್ಣ ಬೆರಳಿಗೆ ಪುಡಿಪುಡಿಯಾಗಿ ಬರುತ್ತದೆ. ಆದ್ದರಿಂದ ತೆಳುಮಾಡುವುದೆಂದರೆ ನೀರು ಸುರಿಯುವುದಲ್ಲ, ಇವೆರಡರ ಹದ ಕಾಯುವುದು. ಕುಂಚದಲ್ಲಿ ನೀರು ತುಂಬಿಕೊಂಡಿದ್ದರೆ ಬಣ್ಣ ಮಡುಗಟ್ಟಿ ನಿಂತು, ಆರುವಾಗ ಕಣಗಳೆಲ್ಲ ಅಂಚಿಗೆ ಸರಿದು ಅಲ್ಲೊಂದು ಕಪ್ಪು ಗೆರೆ ಉಳಿಯುತ್ತದೆ. ಹಾಗಾಗಿ ಅದ್ದಿದ ಕುಂಚವನ್ನು ಬಟ್ಟೆಗೆ ಒಮ್ಮೆ ಮುಟ್ಟಿಸಿಯೇ ಎಲೆಗೆ ತರಬೇಕು. ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದು. ಅದನ್ನೂ ಒಂದೇ ಎಳೆತದಲ್ಲಿ ಎಳೆಯಬೇಕು. ಹಿಂದೆ ಮುಂದೆ ತಿಕ್ಕಿದರೆ ಅಡಿಯ ಗೋಂದು ನೆನೆದು ಕೆಳಗಿನ ಬಣ್ಣ ಎದ್ದುಬರುತ್ತದೆ. ನಾನೂ ಕೈಹಾಕಿದೆ. ಮೂರನೆಯ ಎಳೆತಕ್ಕೆ ನನ್ನ ಹಸಿರು ಅಡಿಯ ಬಿಳಿಯೊಡನೆ ಕಲೆತು ಕೆಸರಾಯಿತು.

"ಹಾಗಾದರೆ ಹಳೆಯ ಚಿತ್ರಗಳಲ್ಲಿ ಬಣ್ಣ ಅಷ್ಟು ತುಂಬಿಕೊಂಡಿರುವುದು ಹೇಗೆ?" ಎಂದು ಕೇಳಿದೆ. "ಅರೆಯೋದರಲ್ಲಿದೆ ಸ್ವಾಮಿ" ಎಂದರು. ನುಣ್ಣಗೆ ಅರೆದ ಬಣ್ಣ ತೆಳ್ಳಗೆ ಹರಡಿದರೂ ಅಡಿಯ ಕಾಗದವನ್ನು ಮುಚ್ಚುತ್ತದೆ. ಕಾಂಗ್ಡಾದ ಚಿಕಣಿ ಚಿತ್ರಗಳಲ್ಲಿ ಮುಖದ ನೆರಳನ್ನು ಕೂದಲೆಳೆಯಂಥ ಗೀರುಗಳಿಂದ ತಂದದ್ದನ್ನು, ಚಿತ್ರವನ್ನು ಮಗುಚಿ ಹಿಂಬದಿಯಿಂದ ಅಗೇಟ್ ಕಲ್ಲಿನಲ್ಲಿ ಉಜ್ಜಿ ಬಣ್ಣವನ್ನು ಕಾಗದಕ್ಕೆ ಕೂರಿಸಿದ್ದನ್ನು ನೆನೆದರೆ ಈ ಮಾತು ಅರ್ಥವಾಗುತ್ತದೆ. ಅಲ್ಲಿನ ತುಂಬು ಬಣ್ಣ ದಪ್ಪದಿಂದ ಬಂದದ್ದಲ್ಲ, ತಾಳ್ಮೆಯಿಂದ ಬಂದದ್ದು.

ಗಂಜೀಫಕ್ಕಂತೂ ತೆಳುವು ಬರೀ ಸೊಗಸಿನ ಮಾತಲ್ಲ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನ್‌ಗೆ ಗಂಜೀಫ ಕಳಿಸಿಕೊಟ್ಟದ್ದು ಅವನ ಆತ್ಮಕಥೆಯಲ್ಲಿದೆ. ಷಾ ಹಸನ್‌ಗೆ ಅದು ಇಷ್ಟವೆಂದು ಕಳಿಸಿದ್ದು, ಗೋಡೆಗೆ ತೂಗುಹಾಕಲೆಂದಲ್ಲ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬಗೆಬಗೆಯ ಗಂಜೀಫಗಳನ್ನು ಸೇರಿಸಿದ್ದೂ ಆಟಗಳೆಂದೇ. ಒಂದೊಂದು ಎಲೆಯ ಮೇಲೆ ಅರ್ಧ ಮಿಲಿಮೀಟರ್ ಬಣ್ಣ ಹೆಚ್ಚಾದರೆ 120 ಎಲೆಗಳ ಕಟ್ಟು 6 ಸೆಂಟಿಮೀಟರ್ ಎತ್ತರವಾಗುತ್ತದೆ; ಕೈಯಲ್ಲಿ ಹಿಡಿಯುವುದೇ ಕಷ್ಟ. ಆಡುವವರ ಕೈಯೇ ಚಿತ್ರಗಾರನ ಕುಂಚಕ್ಕೆ ಅಂಕೆಯಾಗಿತ್ತು. ಈಗ ಆಡುವವರು ಅಪರೂಪ. ಎಲೆಗಳು ಕನ್ನಡಿ ಕಟ್ಟಿನೊಳಗೆ ಹೋಗಿ ಕೂತಿವೆ. ಅಲ್ಲಿ ಬಣ್ಣ ಎಷ್ಟು ದಪ್ಪವಿದ್ದರೂ ಕೇಳುವವರಿಲ್ಲ. ಆಟ ನಿಂತದ್ದರಿಂದ ಬಣ್ಣ ದಪ್ಪವಾಯಿತೆಂದು ನನಗನ್ನಿಸುತ್ತದೆ.

ಇದರಲ್ಲಿ ಕಲಾವಿದನೊಬ್ಬನದೇ ತಪ್ಪೆಂದು ನಾನು ಹೇಳಲಾರೆ. ಸೀಸೆಯಿಂದ ತೆಗೆದ ಪೋಸ್ಟರ್ ಬಣ್ಣವನ್ನು ಹಾಗೆಯೇ ಬಳಿದರೆ ಒಂದು ದಿನದಲ್ಲಿ ಮುಗಿಯುವ ಎಲೆ, ಪದರ ಪದರವಾಗಿ ಕಟ್ಟಿದರೆ ಮೂರು ದಿನ ಹಿಡಿಯುತ್ತದೆ. ಉಳಿದೆರಡು ದಿನದ ಕೂಲಿಯನ್ನು ಕೊಡುವವರು ಯಾರು? ಕೊಳ್ಳುವವನಿಗೆ ಕಣ್ಣಿಗೆ ಹೊಡೆಯುವ ಬಣ್ಣ ಬೇಕು. ಅದೇ ಸರಿ ಎಂದು ಅವನಿಗೆ ಹೇಳಿಕೊಡಲು ನನ್ನಂಥ ವಿಮರ್ಶಕರೂ ಇದ್ದೇವೆ.

ನನ್ನನ್ನು ಕಾಡುವುದು ಇದೇ. ಮುಂದಿನ ವರ್ಷದ ಪ್ರದರ್ಶನದಲ್ಲಿ ಅದೇ ತರುಣ ನನ್ನ ಲೇಖನದ ತುಣುಕನ್ನು ಗೋಡೆಗೆ ಅಂಟಿಸಿದ್ದ. ಹೊಸ ಎಲೆಗಳ ಬಣ್ಣ ಮೊದಲಿಗಿಂತ ದಪ್ಪವಾಗಿತ್ತು. "ನೀವು ಹೇಳಿದ ಮೇಲೆ ಇನ್ನೂ ಧೈರ್ಯ ಬಂತು ಸಾರ್" ಎಂದ. ಅವನ ಗೆರೆ ಚೆನ್ನಾಗಿದೆ. ಮತ್ಸ್ಯದ ಬಾಲವನ್ನು ಆ ಪುಟ್ಟ ವೃತ್ತದೊಳಗೆ ತಿರುಗಿಸಿದ ರೀತಿ ಯಾರಿಗೂ ಸುಲಭವಲ್ಲ. ಆ ಗೆರೆಯೇ ಈಗ ಬಣ್ಣದಡಿ ಹೂತುಹೋಗುತ್ತಿದೆ. ಅಲ್ಲಿ, ಅಷ್ಟು ಜನರೆದುರು, ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಚೆನ್ನಾಗಿದೆಯೆಂದು ಬೆನ್ನು ತಟ್ಟಿ ಬಂದುಬಿಟ್ಟೆ.

ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಅವನು ಓದಿ ಬೇಸರಪಟ್ಟುಕೊಂಡರೂ ಸರಿ, ಮುಂದಿನ ಕಟ್ಟು ಮುಗಿದ ದಿನ ಮೂವರು ಗೆಳೆಯರನ್ನು ಕೂರಿಸಿಕೊಂಡು ಒಂದು ಆಟ ಆಡಿನೋಡಲಿ. ಅದಾದ ಮೇಲೆ ನನ್ನ ಹಳೆಯ ಲೇಖನವನ್ನು ಗೋಡೆಯಿಂದ ಕಿತ್ತುಹಾಕಿದರೆ ನನಗೆ ಸಂತೋಷವೇ.